ಇನ್ನೂ ಕಟ್ಟದ ಹೈಸ್ಕೂಲು

ನಮ್ಮ ಮಗಳು ಜಾಣೆ ಎಂದು ನಮಗೆ ಮೊದಲು ಹೇಳಿದವರು ಅವಳ ಐದನೇ ಕ್ಲಾಸಿನ ಟೀಚರ್. ಅಲ್ಲಿಯವರೆಗೆ ಅವಳು ನಮ್ಮ ಪಾಲಿಗೆ ಬರೀ ಮಗಳಾಗಿದ್ದಳು. ಬೆಳಗ್ಗೆ ಇನ್ನೊಂದು ಕಾಲಿನ ಸಾಕ್ಸ್ ಹುಡುಕುವುದರಲ್ಲೇ ಹೊತ್ತು ಕಳೆಯುವವಳು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಸಾರಿನ ಕರಿಬೇವನ್ನು ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಡುವವಳು. ಟೀಚರ್ ಮಾತಿನ ನಡುವೆ, "ಶೀ ಈಸ್ ಎ ಬ್ರೈಟ್ ಲಿಟ್ಲ್ ಥಿಂಗ್," ಎಂದರು. ಆ ಊರಿನಲ್ಲಿ ಈ ಮಾತನ್ನು ನಾಯಿಮರಿಯ ಬಗ್ಗೆಯೂ ಹೇಳುತ್ತಾರೆ. ಆದರೆ ನನ್ನ ಗಂಡ ಮನೆಗೆ ಬರುವ ದಾರಿಯಲ್ಲಿ ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಕೇಳಿಸ್ಕೊಂಡ್ಯಾ? ಬ್ರೈಟ್ ಅಂದ್ರು."

"ಕೇಳಿಸ್ಕೊಂಡೆ. ಶೂ ಲೇಸ್ ಕಟ್ಕೊಳ್ಳಕ್ಕೆ ಬರಲ್ಲ ಅಂತಾನೂ ಅಂದ್ರು."

"ಅದು ಬೇರೆ ವಿಷ್ಯ ಬಿಡು. ಇನ್ಮೇಲೆ ನಮ್ಗೆ ರೆಸ್ಪಾನ್ಸಿಬಿಲಿಟಿ ಇದೆ."

ನಾವಾಗ ಪರ್ತ್ ನಗರದ ದಕ್ಷಿಣ ಬಡಾವಣೆಯಾದ ಹ್ಯಾರಿಸ್‌ಡೇಲ್‌ನಲ್ಲಿದ್ದೆವು. ಮೈಸೂರಿನಿಂದ ವೀಸಾ ಸಿಕ್ಕಿ ಮೊದಲು ಬಂದಿಳಿದದ್ದು ಅಡಿಲೇಡಿನ ಕಿಲ್ಬರ್ನ್‌ಗೆ. ಅಲ್ಲಿನ ಬಾಡಿಗೆ ಮನೆಯನ್ನು ನನ್ನ ತಮ್ಮನಿಗೆ ಬಿಟ್ಟುಕೊಟ್ಟು, ಗಂಡನ ಕೆಲಸ ಬದಲಾದಾಗ ಈ ಕಡೆಗೆ ಬಂದಿದ್ದೆವು. ಅವರು ಕಟ್ಟಡಗಳ ಎಂಜಿನಿಯರ್. ಕಾಂಕ್ರೀಟು ಅವರಿಗೆ ಬರೀ ಕೆಲಸವಲ್ಲ, ಒಂದು ರೀತಿಯ ಪ್ರೀತಿ. ನಾನು ಸಿಟಿಯ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವವಳು. ಮನೆಯಲ್ಲೂ ಅದೇ ಅಭ್ಯಾಸ ಎಂದು ಅವರ ದೂರು.

ವಿಷಯ ಇಷ್ಟೇ. ಅಲ್ಲಿ ಹೈಸ್ಕೂಲು ಶುರುವಾಗುವುದು ಏಳನೇ ಕ್ಲಾಸಿನಿಂದ. ಪರ್ತಿನಲ್ಲಿ ಆರನೇ ಕ್ಲಾಸಿನ ಮಕ್ಕಳು ಬೇಕಿದ್ದರೆ ಒಂದು ಪರೀಕ್ಷೆ ಬರೆಯಬಹುದು. ಅದರಲ್ಲಿ ಮುಂದೆ ಬಂದವರಿಗೆ ಸಿಟಿಯಲ್ಲಿರುವ, ಜಾಣ ಮಕ್ಕಳನ್ನೇ ಆರಿಸಿಕೊಳ್ಳುವ ಹೈಸ್ಕೂಲಿನಲ್ಲಿ ಸೀಟು. ಉಳಿದವರಿಗೆ ತಮ್ಮ ತಮ್ಮ ಬಡಾವಣೆಯ ಶಾಲೆ. ಬೇರೆ ಬಡಾವಣೆಯವರಾಗಿದ್ದರೆ ಎರಡು ಶಾಲೆಗಳನ್ನೂ ಎದುರುಬದುರು ಇಟ್ಟು ತೂಗಿ ನೋಡಬಹುದಿತ್ತು. ನಮ್ಮ ಫಜೀತಿಯೆಂದರೆ ನಮ್ಮ ಬಡಾವಣೆಯ ಹೈಸ್ಕೂಲು ಇನ್ನೂ ಇರಲೇ ಇಲ್ಲ. ಇಲ್ಲಿ ಹೈಸ್ಕೂಲು ಬರಲಿದೆ ಎಂಬ ಬೋರ್ಡು ಮಾತ್ರ ಇತ್ತು. ಬೋರ್ಡಿನ ಮೇಲೆ ನಗುತ್ತಿರುವ ಮಕ್ಕಳ ಚಿತ್ರವಿತ್ತು. ಆ ಮಕ್ಕಳು ಯಾವ ಶಾಲೆಯವರೋ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಪರೀಕ್ಷೆಯ ದಾರಿ ಹಿಡಿದೆವು. ಅಂದರೆ ಗಂಡ ಹಿಡಿದರು, ನಾನು ಗೊಣಗುತ್ತ ಹಿಂದೆ ಹೋದೆ. ಕೈಗಾರಿಕಾ ಪ್ರದೇಶದಲ್ಲಿ ಟೈರ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಚಿಂಗ್ ಕ್ಲಾಸು ನಡೆಯುತ್ತಿತ್ತು. ಶನಿವಾರ ಬೆಳಗ್ಗೆ ಮಕ್ಕಳು ಅಲ್ಲಿ ಕೂತು, ತ್ರಿಕೋನದೊಳಗಿನ ಚುಕ್ಕೆ ಮುಂದಿನ ಚಿತ್ರದಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕಂಡುಹಿಡಿಯುತ್ತಿದ್ದರು. ಪಕ್ಕದಲ್ಲೇ ಗಿಡ ಮಾರುವ ದೊಡ್ಡ ನರ್ಸರಿ.

ಆಗ ನಮ್ಮ ಕನ್ನಡದವರ ನಡುವೆ ಒಂದು ವಿಚಿತ್ರ ನಡವಳಿಕೆಯಿತ್ತು. ಯಾರೂ ತಮ್ಮ ಮಗುವನ್ನು ಕೋಚಿಂಗಿಗೆ ಕಳಿಸುತ್ತೇವೆಂದು ಒಪ್ಪಿಕೊಳ್ಳುತ್ತಿರಲಿಲ್ಲ. ಯುಗಾದಿ ಊಟದಲ್ಲಿ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತ, "ಅಯ್ಯೋ, ನಾವು ಪ್ರೆಷರ್ ಹಾಕಲ್ಲಪ್ಪ. ಮಗು ಮಗು ಥರಾ ಇರ್ಲಿ," ಎಂದು ಎಲ್ಲರೂ ಎಲ್ಲರಿಗೂ ಹೇಳುತ್ತಿದ್ದರು. ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದವರು ನಮ್ಮ ಹಿಂದಿನ ಬೀದಿಯವರು. ಬೆಂಗಳೂರಿನವರು, ಸಾಫ್ಟ್‌ವೇರಿನವರು. ಅವರ ಮಗಳೂ ನನ್ನ ಮಗಳೂ ಒಂದೇ ಕ್ಲಾಸು, ಜೀವದ ಗೆಳತಿಯರು.

ಮೊದಲ ಶನಿವಾರ ನನ್ನ ಗಂಡ ಮಗಳನ್ನು ಮಹಡಿ ಹತ್ತಿಸಿ ಕೆಳಗಿಳಿದರು. ಎದುರಿಗೆ ಹಿಂದಿನ ಬೀದಿಯವರು ಕಾರಿನಿಂದ ಇಳಿಯುತ್ತಿದ್ದರು. ಕಾರಿನಲ್ಲೇ ಕೂತಿದ್ದ ನಾನು ಎಲ್ಲವನ್ನೂ ನೋಡಿದೆ. ಒಬ್ಬರನ್ನೊಬ್ಬರು ಕಂಡ ಇಬ್ಬರು ಗಂಡಸರೂ ಒಂದು ಗಳಿಗೆ ಕಲ್ಲಾಗಿ ನಿಂತರು. ಆಮೇಲೆ ಇಬ್ಬರೂ ಒಟ್ಟಿಗೇ ತಿರುಗಿ ಸರಸರ ನರ್ಸರಿಯೊಳಗೆ ನಡೆದುಬಿಟ್ಟರು.

"ಏನ್ ಸಾರ್, ಈ ಕಡೆ?" ಎಂದರಂತೆ ಅವರು.

"ನಿಂಬೆ ಗಿಡ ತಗೊಳ್ಳೋಣ ಅಂತ."

"ನಾನೂ ನಿಂಬೆ ಗಿಡಕ್ಕೇ ಬಂದೆ ಸಾರ್. ಏನ್ ಕೋಇನ್ಸಿಡೆನ್ಸು!"

ಇಬ್ಬರೂ ಒಂದೊಂದು ನಿಂಬೆ ಸಸಿ ಹಿಡಿದುಕೊಂಡು ಹೊರಬಂದರು. ಮುಂದಿನ ಶನಿವಾರವೂ ಎದುರಾದರು. ಆಗ ಮತ್ತೆ ಒಂದೊಂದು ಸಸಿ. ಹೋದ ವಾರದ್ದು ಬಾಡಿಹೋಯಿತು ಎಂದು ಇವರು, ಜೋಡಿ ಇದ್ದರೆ ಚೆನ್ನಾಗಿ ಕಾಯಿ ಬಿಡುತ್ತದಂತೆ ಎಂದು ಅವರು. ಸ್ವಲ್ಪ ದಿನದಲ್ಲೇ ಆ ಪಾರ್ಕಿಂಗಿನಲ್ಲಿ ಇನ್ನೂ ಕೆಲವು ಪರಿಚಯದ ಕಾರುಗಳು ಕಾಣತೊಡಗಿದವು. ಅವುಗಳ ಡಿಕ್ಕಿಗಳಿಂದಲೂ ನಿಂಬೆ ಎಲೆಗಳು ಇಣುಕುತ್ತಿದ್ದವು. ನಮ್ಮ ಹಿತ್ತಲಿನ ಬೇಲಿಯುದ್ದಕ್ಕೂ ಕುಂಡಗಳು ಸಾಲುಗಟ್ಟಿದವು. ಅಡುಗೆಮನೆ ಕಿಟಕಿಯಿಂದ ಬಟ್ಟೆ ಒಣಹಾಕುವ ತಂತಿ ಕಾಣದಂತಾಯಿತು.

"ಅವ್ರಿಗೆ ನಿಜ ಹೇಳ್ಬಿಡಿ," ಎಂದೆ.

"ಅವ್ರು ಮೊದ್ಲು ಹೇಳ್ಲಿ," ಎಂದರು.

ಹುಡುಗಿಯರಿಬ್ಬರೂ ಮಹಡಿಯ ಮೇಲೆ ಒಂದೇ ಡೆಸ್ಕಿನಲ್ಲಿ ಕೂರುತ್ತಿದ್ದರು. ಅಪ್ಪಂದಿರು ಕೆಳಗೆ ಗಿಡ ಯಾಕೆ ಕೊಳ್ಳುತ್ತಾರೆ ಎಂಬುದು ಅವರಿಗೆ ತ್ರಿಕೋನದ ಚುಕ್ಕೆಗಿಂತ ಕಷ್ಟದ ಪ್ರಶ್ನೆಯಾಗಿತ್ತು.

ಆ ವರ್ಷದ ಕೊನೆಗೆ, "ನೇಬರ್‌ಹುಡ್ ಸ್ಕೂಲೂ ನೋಡೋಣ. ಫೇರ್ ಆಗಿರ್ಬೇಕು," ಎಂದು ನಾನೇ ಹಟ ಹಿಡಿದೆ. ಹೊಸ ಶಾಲೆಗೆ ಆಗಲೇ ಪ್ರಿನ್ಸಿಪಾಲರ ನೇಮಕವಾಗಿತ್ತು. ಶಾಲೆ ನೋಡಲು ಬರುವವರಿಗೆ ಸ್ವಾಗತ ಎಂದು ಪ್ರಕಟಣೆಯೂ ಬಂದಿತ್ತು. ಒಂದು ಮಧ್ಯಾಹ್ನ ಮೂವರೂ ಹೋದೆವು. ತಂತಿಬೇಲಿ ಇತ್ತು, ಒಂದು ಜೆಸಿಬಿ ಇತ್ತು, ತಗಡಿನ ಪುಟ್ಟ ಆಫೀಸು ಇತ್ತು. ಉಳಿದಂತೆ ಮರಳು. ಪರ್ತಿನಲ್ಲಿ ಎಲ್ಲಿ ಕೆದಕಿದರೂ ಸಿಗುವುದು ಅದೇ ಬೂದು ಮರಳು.

ಪ್ರಿನ್ಸಿಪಾಲರು ಟೈ ಕಟ್ಟಿ, ಅದರ ಮೇಲೆ ಕಟ್ಟಡದವರ ಮಿಂಚುವ ಹಳದಿ ಜಾಕೆಟ್ ತೊಟ್ಟು ಹೊರಬಂದರು. ನಮಗೂ ಒಂದೊಂದು ಹೆಲ್ಮೆಟ್ ಕೊಟ್ಟರು. ಆಮೇಲೆ ಬಹಳ ಶ್ರದ್ಧೆಯಿಂದ ನಮ್ಮನ್ನು ಶಾಲೆ ಸುತ್ತಿಸಿದರು. "ಇದು ಮುಖ್ಯ ದ್ವಾರ," ಎಂದು ಮರಳಿನಲ್ಲಿ ಒಂದು ಕಡೆ ನಿಂತು ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟರು. ನಾವು ಒಳಗೆ ಹೋದೆವು. ಇದು ಸೈನ್ಸ್ ಲ್ಯಾಬು, ಇದು ಅಡುಗೆ ಕಲಿಯುವ ಕೋಣೆ, ಇದು ಲೈಬ್ರರಿ. ಲೈಬ್ರರಿ ಎಂದ ಕೂಡಲೇ ನಾವು ಮೂವರೂ ದನಿ ತಗ್ಗಿಸಿದೆವು. ಪ್ರಿನ್ಸಿಪಾಲರೂ ಪಿಸುಗುಟ್ಟತೊಡಗಿದರು. ಲೈಬ್ರರಿಯಿಂದ ಹೊರಗೆ ಬರುವಾಗ, "ಮೆಟ್ಟಿಲಿದೆ, ಹುಷಾರು," ಎಂದರು. ನನ್ನ ಮಗಳು ಕಾಲೆತ್ತಿ ದಾಟಿದಳು.

"ಇಲ್ಲಿ ಮೊದಲ ವರ್ಷ ಏಳನೇ ಕ್ಲಾಸು ಮಾತ್ರ ಇರುತ್ತದೆ. ಆಮೇಲೆ ವರ್ಷಕ್ಕೊಂದು ಕ್ಲಾಸು ಸೇರುತ್ತ ಹೋಗುತ್ತದೆ," ಎಂದು ಅವರು ವಿವರಿಸಿದರು. ಶಾಲೆಯ ಫಲಿತಾಂಶ ಹೇಗೆ ಎಂದು ಕೇಳಬೇಕೆಂದು ನಾನು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದೆ. ಅಷ್ಟಗಲ ಮರಳಿನ ನಡುವೆ ಹೆಲ್ಮೆಟ್ ಹಾಕಿಕೊಂಡು ಅದನ್ನು ಕೇಳಲು ಬಾಯಿ ಬರಲಿಲ್ಲ. ಕೇಳಿದವರು ನನ್ನ ಗಂಡ, ಅದೂ ಬೇರೆ ಪ್ರಶ್ನೆ: "ತಳಪಾಯಕ್ಕೆ ಎಷ್ಟು ಆಳ ತೆಗೀತಾ ಇದ್ದೀರಿ?"

ಪ್ರಿನ್ಸಿಪಾಲರಿಗೆ ಗೊತ್ತಿರಲಿಲ್ಲ. ಜೆಸಿಬಿ ಓಡಿಸುತ್ತಿದ್ದವರನ್ನು ಕರೆದರು. ಅವರೂ ನನ್ನ ಗಂಡನೂ ಆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಕಾರಿಗೆ ಮರಳಿ ಬಂದಾಗ ಅವರ ಮುಖದಲ್ಲಿ ಮಗಳು ಹುಟ್ಟಿದ ದಿನ ನೋಡಿದ್ದ ಕಳೆ ಇತ್ತು.

ಅಲ್ಲಿಂದ ಅವರು ದಿನಾ ಆಫೀಸಿನಿಂದ ಬರುವಾಗ ಆ ಬೇಲಿಯ ಹತ್ತಿರ ಕಾರು ನಿಲ್ಲಿಸಿ ಬರತೊಡಗಿದರು. ಊಟಕ್ಕೆ ಕೂತಾಗ ವರದಿ ಕೊಡುತ್ತಿದ್ದರು. "ಇವತ್ತು ಸೈನ್ಸ್ ಬ್ಲಾಕಿಗೆ ಸ್ಲ್ಯಾಬ್ ಹಾಕಿದ್ರು. ಏನ್ ಫಿನಿಶಿಂಗ್ ಅಂತೀಯಾ! ಕನ್ನಡಿ ಕಣೇ, ಕನ್ನಡಿ." ಆದರೂ ಶನಿವಾರದ ಕೋಚಿಂಗು ನಿಲ್ಲಲಿಲ್ಲ, ನಿಂಬೆ ಗಿಡವೂ ನಿಲ್ಲಲಿಲ್ಲ.

ಡಿಸೆಂಬರಿನ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಸೇರಿ ಒಂದು ತೀರ್ಮಾನಕ್ಕೆ ಬರಬೇಕು ಎಂದಾಯಿತು. ಮನೆಯವರೆಂದರೆ ನನ್ನ ಗಂಡನ ಅಕ್ಕ ಮತ್ತು ನನ್ನ ತಮ್ಮ. ಅತ್ತಿಗೆ ಬ್ರಿಸ್ಬೇನಿನ ಟೂವಾಂಗ್‌ನಲ್ಲಿದ್ದಾರೆ, ಯೂನಿವರ್ಸಿಟಿ ಲ್ಯಾಬಿನಲ್ಲಿ ಕೆಲಸ. ಅವರ ಮಗ ಆ ಊರಿನ ಜಾಣ ಮಕ್ಕಳ ಹೈಸ್ಕೂಲಿನಲ್ಲಿ ಓದುತ್ತಿದ್ದ. ತಮ್ಮ ಕಿಲ್ಬರ್ನ್‌ನಲ್ಲೇ ಇದ್ದ. ಅಡುಗೆ ಕೋರ್ಸು ಮಾಡಲು ಬಂದು, ಈಗ ಅಲ್ಲಿನ ಒಂದು ಬೇಕರಿಯಲ್ಲಿ ಬ್ರೆಡ್ಡು ಬೇಯಿಸುತ್ತಿದ್ದ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ವಿಡಿಯೋ ಕಾಲ್ ಎಂದು ನನ್ನ ಗಂಡ ಎಲ್ಲರಿಗೂ ಮೆಸೇಜ್ ಹಾಕಿದರು. ಯಾರ ಮೂರು ಗಂಟೆ ಎಂದು ಹಾಕಲಿಲ್ಲ. ಬ್ರಿಸ್ಬೇನಿನ ಗಡಿಯಾರ ನಮಗಿಂತ ಮುಂದೆ. ಅಡಿಲೇಡು ನಮಗೂ ಬ್ರಿಸ್ಬೇನಿಗೂ ನಡುವೆ ಇರುವ ಊರು, ಆದ್ದರಿಂದ ಅದರ ಗಡಿಯಾರವೂ ನಡುವೆ ಇರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಬೇಸಿಗೆಯಲ್ಲಿ ಅಡಿಲೇಡಿನವರು ಗಡಿಯಾರ ಮುಂದಕ್ಕೆ ತಿರುಗಿಸುತ್ತಾರೆ, ಬ್ರಿಸ್ಬೇನಿನವರು ತಿರುಗಿಸುವುದಿಲ್ಲ. ಹಾಗಾಗಿ ಪಶ್ಚಿಮಕ್ಕಿರುವ ಅಡಿಲೇಡು ಪೂರ್ವದ ಬ್ರಿಸ್ಬೇನಿಗಿಂತ ಮುಂದೆ ಹೋಗಿಬಿಡುತ್ತದೆ. ಇದು ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ಭಾನುವಾರ ನಾನು ಒಗ್ಗರಣೆ ಹಾಕುತ್ತಿದ್ದಾಗ ತಮ್ಮ ಕಾಲ್ ಮಾಡಿ, ಯಾರೂ ಇಲ್ಲವೆಂದು ಬೈದುಕೊಂಡು ಕೆಲಸಕ್ಕೆ ಹೋದ. ನಾವು ಊಟಕ್ಕೆ ಕೂತಾಗ ಅತ್ತಿಗೆ ಬಂದು, ಕಾದು, ಮುನಿಸಿಕೊಂಡು ಹೋದರು. ನಮ್ಮ ಮೂರು ಗಂಟೆಗೆ ನಾವಿಬ್ಬರೂ ಬಟ್ಟೆ ಬದಲಾಯಿಸಿಕೊಂಡು ಸ್ಕ್ರೀನಿನ ಮುಂದೆ ಕೂತೆವು. ನಮ್ಮ ಮುಖ ನಮಗೇ ಕಾಣುತ್ತಿತ್ತು.

ಮುಂದಿನ ಭಾನುವಾರ ಅಂತೂ ಮೂರೂ ಊರು ಒಂದೇ ಹೊತ್ತಿಗೆ ಸೇರಿದವು. ಅತ್ತಿಗೆ ಮೊದಲು ಮಾತಾಡಿದರು.

"ಇದ್ರಲ್ಲಿ ಡಿಸ್ಕಸ್ ಮಾಡೋದೇನಿದೆ? ಜಾಣ ಮಕ್ಳು ಜಾಣ ಮಕ್ಳ ಜೊತೇನೇ ಇರ್ಬೇಕು. ನಮ್ಮೋನನ್ನೇ ಕೇಳಿ." ಅವರು ಹಿಂದಕ್ಕೆ ತಿರುಗಿದರು. ಸೋಫಾದ ಮೇಲೆ ಒಂದು ಜೊತೆ ದೊಡ್ಡ ಪಾದಗಳು ಮಾತ್ರ ಕಾಣುತ್ತಿದ್ದವು. "ಹೇಳೋ, ಸ್ಕೂಲ್ ಹೇಗಿದೆ?"

"ಇಟ್ಸ್ ಆಲ್‌ರೈಟ್," ಎಂದವು ಪಾದಗಳು.

"ನೋಡಿದ್ರಾ? ಈ ದೇಶದಲ್ಲಿ ಹುಟ್ಟಿದ ಮಕ್ಳ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರಲ್ಲ."

ತಮ್ಮ ಬೇಕರಿಯ ಟೋಪಿ ತೆಗೆಯದೆಯೇ ಕೂತಿದ್ದ. "ಅಕ್ಕಾ, ನಮ್ ಹೈಸ್ಕೂಲು ನೆನಪಿದ್ಯಾ ನಿಂಗೆ? ಎ ಸೆಕ್ಷನ್ನು, ಬಿ ಸೆಕ್ಷನ್ನು?"

ನೆನಪಿಲ್ಲದೆ ಏನು. ಮೈಸೂರಿನ ನಮ್ಮ ಶಾಲೆಯಲ್ಲಿ ಮಾರ್ಕ್ಸ್ ನೋಡಿ ಸೆಕ್ಷನ್ ಕೊಡುತ್ತಿದ್ದರು. ಪ್ರತಿ ಪರೀಕ್ಷೆ ಮುಗಿದಮೇಲೆ ಎ ಸೆಕ್ಷನ್ನಿನ ಕೊನೆಯವನು ಬಿ ಸೆಕ್ಷನ್ನಿಗೆ, ಬಿ ಸೆಕ್ಷನ್ನಿನ ಮೊದಲನೆಯವನು ಎ ಸೆಕ್ಷನ್ನಿಗೆ. ನನ್ನ ತಮ್ಮ ಎ-ನಲ್ಲಿ ಕೊನೆಯವನಾಗಿ ಬಿ-ಗೆ ಹೋಗುತ್ತಿದ್ದ. ಅಲ್ಲಿ ಮೊದಲನೆಯವನಾಗಿ ಎ-ಗೆ ಬರುತ್ತಿದ್ದ. ಹೈಸ್ಕೂಲು ಮುಗಿಯುವವರೆಗೂ ಬ್ಯಾಗು ಹೊತ್ತುಕೊಂಡು ಆ ಕಾರಿಡಾರಿನಲ್ಲಿ ಆಚೆಗೂ ಈಚೆಗೂ ಓಡಾಡಿದ್ದ.

"ಬಿ-ನಲ್ಲಿ ನಾನು ಜೀನಿಯಸ್ಸು ಅತ್ತಿಗೆ," ಎಂದ. ನನ್ನ ಅತ್ತಿಗೆಯನ್ನು ಅವನೂ ಹಾಗೇ ಕರೆಯುತ್ತಾನೆ. "ಮೇಷ್ಟ್ರು ನನ್ ಹತ್ರಾನೇ ಬೋರ್ಡ್ ಮೇಲೆ ಲೆಕ್ಕ ಮಾಡಿಸೋರು. ಅದೇ ತಲೆ ತಗೊಂಡು ಎ-ಗೆ ಬಂದ್ರೆ ದಡ್ಡ. ಕೊನೆಗೆ ನಾನು ಜಾಣಾನೋ ದಡ್ಡಾನೋ ನಂಗೇ ಗೊತ್ತಾಗ್ಲಿಲ್ಲ. ಹಾಗಾಗಿ ಬೇಕರಿಗೆ ಬಂದ್ಬಿಟ್ಟೆ. ಹಿಟ್ಟು ಉಬ್ಬತ್ತೆ, ಇಲ್ಲ ಉಬ್ಬಲ್ಲ."

"ಅದಕ್ಕೂ ಇದಕ್ಕೂ ಏನಪ್ಪಾ ಸಂಬಂಧ? ಇವರು ಹೇಳ್ತಿರೋ ಸ್ಕೂಲು ಇನ್ನೂ ಇಲ್ವೇ ಇಲ್ವಲ್ಲ!" ಎಂದರು ಅತ್ತಿಗೆ.

"ಇದೆ ಅಕ್ಕಾ. ಫುಟಿಂಗ್, ತಳಪಾಯ ಎಲ್ಲಾ ಮುಗಿದಿದೆ," ಎಂದರು ನನ್ನ ಗಂಡ ನೊಂದ ದನಿಯಲ್ಲಿ.

ಅತ್ತಿಗೆ ಕೊನೆಗೆ ಮಗಳನ್ನು ಟೂವಾಂಗ್‌ಗೆ ಕಳಿಸಿ, ನಾನು ಓದಿಸುತ್ತೇನೆ ಎಂದರು. ತಮ್ಮ, ಕಿಲ್ಬರ್ನ್‌ಗೆ ಕಳಿಸಿ, ನಮ್ಮ ಬೀದಿಯ ಶಾಲೆಯಲ್ಲಿ ಆಡುಗಳಿವೆ ಎಂದ. ಇಬ್ಬರೂ ಆಡುಗಳ ಬಗ್ಗೆ ಜೋರಾಗಿ ಜಗಳವಾಡತೊಡಗಿದಾಗ ನಾವು ನೆಟ್‌ವರ್ಕ್ ಸರಿಯಿಲ್ಲ ಎಂದು ಹೇಳಿ ಕಟ್ ಮಾಡಿದೆವು.

ಪರೀಕ್ಷೆಯ ದಿನ ಬೆಳಗ್ಗೆ ಮಗಳಿಗೆ ಮೊಸರು ಸಕ್ಕರೆ ತಿನ್ನಿಸಿ, ಹಣೆಗೆ ಕುಂಕುಮ ಇಟ್ಟು ಹೊರಟೆವು. ಪರೀಕ್ಷೆ ನಡೆಯುವ ದೊಡ್ಡ ಶಾಲೆಯ ಗೇಟು ದಾಟಿದರೆ ಹುಲ್ಲುಹಾಸಿನ ಮೇಲೆ ನಮ್ಮ ಯುಗಾದಿ ಊಟದ ಪಂಕ್ತಿಯೇ ನೆರೆದಿತ್ತು. ಪ್ರೆಷರ್ ಹಾಕದವರೆಲ್ಲರೂ ಅಲ್ಲಿದ್ದರು. ಚಾಪೆ ಹಾಸಿದ್ದರು, ಡಬ್ಬಿಗಳಲ್ಲಿ ಇಡ್ಲಿ ಇತ್ತು, ಫ್ಲಾಸ್ಕುಗಳಲ್ಲಿ ಕಾಫಿ ಇತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹಿಂದಿನ ಬೀದಿಯವರು ನಮ್ಮ ಎದುರಿಗೇ ಸಿಕ್ಕಿಬಿದ್ದರು. ಅವರ ಮಗಳು ಪಕ್ಕದಲ್ಲೇ ಪೆನ್ಸಿಲ್ಲುಗಳನ್ನು ಪಾರದರ್ಶಕ ಚೀಲದಲ್ಲಿ ಹಿಡಿದು ನಿಂತಿದ್ದಳು.

"ಏನ್ ಸಾರ್, ಈ ಕಡೆ?" ಎಂದರು ನನ್ನ ಗಂಡ.

ಸುತ್ತಮುತ್ತ ನರ್ಸರಿ ಇರಲಿಲ್ಲ. ಅವರು ಅತ್ತಿತ್ತ ನೋಡಿದರು. "ಇಲ್ಲಿ ನೆರಳು ಚೆನ್ನಾಗಿದೆ ಅಂತ ಹೇಳಿದ್ರು. ಅದಕ್ಕೇ, ಫ್ಯಾಮಿಲಿ ಜೊತೆ ಸ್ವಲ್ಪ ಹೊತ್ತು ಕೂತ್ಕೊಳ್ಳೋಣ ಅಂತ."

"ಡ್ಯಾಡ್, ಐ ಹ್ಯಾವ್ ಟು ಗೋ ಇನ್. ದಿ ಟೆಸ್ಟ್ ಈಸ್ ಸ್ಟಾರ್ಟಿಂಗ್," ಎಂದಳು ಅವರ ಮಗಳು. ನಮ್ಮವಳೂ ಅವಳೂ ಕೈ ಕೈ ಹಿಡಿದುಕೊಂಡು ಹಾಲಿನೊಳಗೆ ಹೋದರು.

ಆಮೇಲೆ ನಾವು ದೊಡ್ಡವರು ಆ ನೆರಳಿನಲ್ಲಿ ಕೂತೆವು. ಒಬ್ಬರು ಹವಾಮಾನದ ಬಗ್ಗೆ ಹೇಳಿದರು, ಎಲ್ಲರೂ ಒಪ್ಪಿದರು. ಆಗ ನೆಲದೊಳಗಿಂದ ಬುಸ್ ಎಂದು ಸದ್ದಾಯಿತು. ಯಾವ ಗಡಿಯಾರ ತಪ್ಪಿತ್ತೋ, ಆ ಹುಲ್ಲಿಗೆ ನೀರುಣಿಸುವ ನೆಲದಡಿಯ ಕಾರಂಜಿಗಳೆಲ್ಲ ಒಟ್ಟಿಗೇ ಎದ್ದವು. ಇಡ್ಲಿ ಡಬ್ಬಿಗಳನ್ನು ತಲೆಯ ಮೇಲೆ ಹಿಡಿದುಕೊಂಡು ಎಲ್ಲರೂ ಓಡಿದರು. ಓಡುವ ದಿಕ್ಕಿನಲ್ಲೂ ಕಾರಂಜಿ ಇತ್ತು. ಹಿಂದಿನ ಬೀದಿಯವರು ಕಾಲು ಜಾರಿ ನನ್ನ ಗಂಡನ ತೋಳು ಹಿಡಿದುಕೊಂಡರು. ಇಬ್ಬರೂ ಒಟ್ಟಿಗೇ ನೆಲಕ್ಕೆ ಬಿದ್ದರು.

ಹುಲ್ಲಿನ ಮೇಲೆ ಅಂಗಾತ ಮಲಗಿ ನೀರು ಬೀಳಿಸಿಕೊಳ್ಳುತ್ತ ಅವರು, "ಸಾರ್, ನಮ್ ಮನೇಲಿ ನಿಂಬೆ ಗಿಡ ಇಡಕ್ಕೆ ಜಾಗ ಇಲ್ಲ ಸಾರ್," ಎಂದರು.

"ನಮ್ಮನೇಲೂ ಇಲ್ಲ ಸಾರ್," ಎಂದರು ನನ್ನ ಗಂಡ. ಇಬ್ಬರೂ ನಗತೊಡಗಿದರು. ಪರೀಕ್ಷೆ ಮುಗಿಸಿ ಹೊರಬಂದ ಮಕ್ಕಳು ತಮ್ಮ ಅಪ್ಪ ಅಮ್ಮಂದಿರು ತೊಯ್ದು ತೊಪ್ಪೆಯಾಗಿ ಕಾರುಗಳ ಬಾನೆಟ್ ಮೇಲೆ ದುಪಟ್ಟಾ ಒಣಹಾಕಿ ನಿಂತಿರುವುದನ್ನು ನೋಡಿ, ಅಪರಿಚಿತರಂತೆ ಸ್ವಲ್ಪ ದೂರವೇ ನಿಂತರು.

ಜುಲೈ ತಿಂಗಳ ಚಳಿಗಾಲದಲ್ಲಿ ಫಲಿತಾಂಶ ಬಂತು. ಇಬ್ಬರು ಹುಡುಗಿಯರಿಗೂ ಸಿಟಿಯ ಶಾಲೆಯಲ್ಲಿ ಸೀಟು ಸಿಕ್ಕಿತು. ನಾನು ಸಂತೋಷದಿಂದ ಕುಣಿದೆ. ಗಂಡನ ಮುಖ ಸಪ್ಪಗಾಯಿತು.

"ಯಾಕ್ರೀ?"

"ಏನಿಲ್ಲ. ಆದ್ರೂ ಯೋಚ್ನೆ ಮಾಡು. ದಿನಾ ಬಸ್ಸು, ಟ್ರೇನು. ಮಗು ಮಗು ಥರಾ ಇರ್ಬೇಕಲ್ವಾ? ಇಲ್ಲಿ ನಡ್ಕೊಂಡು ಹೋಗ್ಬೋದು. ಲೈಬ್ರರಿಗೆ ಕಿಟಕಿ ಕೂರಿಸ್ತಾ ಇದಾರೆ."

ಕೆದಕಿ ಕೇಳಿದಾಗ ವಿಷಯ ಗೊತ್ತಾಯಿತು. ಬೇಲಿಯ ಹತ್ತಿರ ದಿನಾ ನಿಲ್ಲುತ್ತಿದ್ದ ಇವರನ್ನು ನೋಡಿ ಪ್ರಿನ್ಸಿಪಾಲರು ಹೊಸ ಶಾಲೆಯ ಯೂನಿಫಾರ್ಮ್ ಆರಿಸುವ ಸಮಿತಿಗೆ ಸೇರಿಸಿಕೊಂಡಿದ್ದರು. ಟೋಪಿಯ ಬಣ್ಣ ಇವರೇ ಹೇಳಿದ್ದಂತೆ, ಎಲ್ಲರೂ ಒಪ್ಪಿದ್ದರಂತೆ. ಈಗ ಆ ಟೋಪಿ ಹಾಕಿಕೊಳ್ಳಲು ಸ್ವಂತ ಮಗಳೇ ಇಲ್ಲವೆಂದರೆ ಹೇಗೆ?

ನಾನಾದರೂ ಏನು ಕಡಿಮೆ? ಕೋಚಿಂಗ್ ಎಂದರೆ ಗೊಣಗುತ್ತಿದ್ದವಳು ಈಗ, "ಸಿಕ್ಕಿರೋ ಸೀಟು ಬಿಡೋದಾ? ಜಾಣ ಮಕ್ಳು ಜಾಣ ಮಕ್ಳ ಜೊತೇನೇ ಇರ್ಬೇಕು," ಎಂದು ಅತ್ತಿಗೆಯ ಮಾತನ್ನೇ ಒಪ್ಪಿಸುತ್ತಿದ್ದೆ. ಒಂದು ವರ್ಷ ಅವರು ಹೇಳಿದ್ದನ್ನೆಲ್ಲ ಈಗ ನಾನು ಹೇಳುತ್ತಿದ್ದೆ, ನಾನು ಹೇಳಿದ್ದನ್ನು ಅವರು. ಒಂದು ವಾರ ಜೋರಾಗಿ ವಾದ ಮಾಡಿದ ಮೇಲೆ ಮಗಳೇ, "ಯೂ ಗೈಸ್ ಹ್ಯಾವ್ ಸ್ವಾಪ್ಡ್," ಎಂದಳು. ನಮಗೆ ಅದು ಹೊಳೆದೇ ಇರಲಿಲ್ಲ.

ಒಮ್ಮೆ ಹೋಗಿ ಬಂದು ನೋಡೋಣ ಎಂದು ಒಂದು ಬೆಳಗ್ಗೆ ಮೂವರೂ ಬಸ್ಸು ಹಿಡಿದು, ಸ್ಟೇಷನ್ನಿಗೆ ಹೋಗಿ, ಟ್ರೇನು ಹತ್ತಿದೆವು. ಹ್ಯಾರಿಸ್‌ಡೇಲ್‌ನಲ್ಲಿ ಹಾಲು ತರುವುದಕ್ಕೂ ಕಾರು ತೆಗೆಯಬೇಕು. ಟ್ರೇನು ನನ್ನ ಮಗಳಿಗೆ ಜಾತ್ರೆಯಂತಾಯಿತು. ಕಿಟಕಿಗೆ ಮೂಗು ಒತ್ತಿ ಕೂತಳು. ಎದುರು ಸೀಟಿನಲ್ಲಿ ಆ ಶಾಲೆಯ ಯೂನಿಫಾರ್ಮ್ ತೊಟ್ಟ ದೊಡ್ಡ ಹುಡುಗಿಯೊಬ್ಬಳಿದ್ದಳು. ನನ್ನ ಗಂಡ ತಡೆಯಲಾರದೆ, ಶಾಲೆ ಹೇಗಿದೆ ಎಂದು ಕೇಳಿಯೇಬಿಟ್ಟರು.

ಆ ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು ಯೋಚಿಸಿದಳು. "ಚೆನ್ನಾಗಿದೆ. ಅಲ್ಲಿ ಎಲ್ಲರೂ ಜಾಣರೇ ಆದ್ದರಿಂದ ನೀನು ಎಷ್ಟು ಜಾಣೆ ಅಂತ ಯಾರೂ ಕೇಳಲ್ಲ. ಒಂಥರಾ ನೆಮ್ಮದಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಮತ್ತೆ ಇಯರ್‌ಫೋನ್ ಹಾಕಿಕೊಂಡಳು.

ಆ ಒಂದು ಮಾತೇ ಸಾಕಿತ್ತು. ಗೆದ್ದೆ ಎಂದುಕೊಂಡೆ. ಮನೆಗೆ ಬಂದು ಶೂ ಬಿಚ್ಚುತ್ತ ಮಗಳು, "ಐ ವಾಂಟ್ ದಿಸ್ ಒನ್," ಎಂದು ಹೊರಗೆ, ಜೆಸಿಬಿ ಸದ್ದು ಕೇಳುತ್ತಿದ್ದ ಕಡೆಗೆ ಕೈ ತೋರಿಸಿದಳು.

"ಯಾಕೆ ಪುಟ್ಟಾ? ಟ್ರೇನು ಇಷ್ಟ ಆಯ್ತು ಅಲ್ವಾ?"

ಟ್ರೇನು ಇಷ್ಟವಾಯಿತು, ಆದರೆ ಅದನ್ನು ನೋಡಿಯಾಯಿತು ಎಂದಳು. ಆ ಶಾಲೆಯಲ್ಲಿ ಎಲ್ಲವೂ ಆಗಲೇ ಇದೆ. ಇಲ್ಲಿ ಏನೂ ಇಲ್ಲ. ಇಲ್ಲಾದರೆ ಮೊದಲ ದಿನದಿಂದಲೇ ತಾನು ಸೀನಿಯರ್, ಮೇಲೆ ಯಾರೂ ಇರುವುದಿಲ್ಲ, ಹೈಸ್ಕೂಲು ಮುಗಿಯುವವರೆಗೂ. "ಅಂಡ್ ಐ ಕ್ಯಾನ್ ಸ್ಟಾರ್ಟ್ ದಿ ಚೆಸ್ ಕ್ಲಬ್."

"ನಿಂಗೆ ಚೆಸ್ ಬರಲ್ವಲ್ಲ?"

"ದಟ್ಸ್ ವೈ ಐ ಹ್ಯಾವ್ ಟು ಸ್ಟಾರ್ಟ್ ಇಟ್, ಅಮ್ಮ."

ಟೆಸ್ಟರ್ ಆಗಿ ಇಷ್ಟು ವರ್ಷ ಕೆಲಸ ಮಾಡಿದ ನನಗೆ ಈ ವಾದದಲ್ಲಿ ತಪ್ಪೆಲ್ಲಿದೆ ಎಂದು ಹುಡುಕಲಾಗಲಿಲ್ಲ. ಸಿಟಿಯ ಸೀಟು ಬೇಡವೆಂದು ತಿಳಿಸಿದೆವು. ಅವಳ ಗೆಳತಿ ತನ್ನ ಸೀಟು ಒಪ್ಪಿಕೊಂಡಳು. ಹುಡುಗಿಯರಿಬ್ಬರೂ ಒಂದು ದಿನ ಅತ್ತರು, ಮರುದಿನ ಮರೆತರು. ಅತ್ತಿಗೆಗೆ ಫೋನಿನಲ್ಲಿ ಹೇಳಿದೆವು. "ಬಾಗ್ಲಾದ್ರೂ ಕೂರಿಸಿದಾರಾ?" ಎಂದು ಕೇಳಿದರು.

ಬಾಗಿಲು ಕೂರಿಸಿದ್ದರು. ಶಾಲೆ ಶುರುವಾದ ಮೊದಲ ವರ್ಷದಂಥ ವರ್ಷವನ್ನು ನಾನು ಮತ್ತೆ ನೋಡಿಲ್ಲ. ದೊಡ್ಡ ಊರಿಗೆ ಸಾಲುವಷ್ಟು ಕಟ್ಟಡಗಳು, ಅವುಗಳ ಒಂದು ಮೂಲೆಯಲ್ಲಿ ಏಳನೇ ಕ್ಲಾಸಿನ ಮಕ್ಕಳು. ಸಭಾಂಗಣದಲ್ಲಿ ಅವರೆಲ್ಲ ಮುಂದಿನ ಸಾಲುಗಳಲ್ಲೇ ಮುಗಿದುಹೋಗುತ್ತಿದ್ದರು, ಹಿಂದೆ ಖಾಲಿ ಕುರ್ಚಿಗಳು ಗೋಡೆಯವರೆಗೂ. ಎರಡನೇ ಅಸೆಂಬ್ಲಿಯಲ್ಲಿ ಪ್ರಿನ್ಸಿಪಾಲರು ಗಂಭೀರವಾಗಿ, "ನಮ್ಮ ಶಾಲೆಯ ಸಂಪ್ರದಾಯದಂತೆ," ಎಂದು ಮಾತು ಶುರುಮಾಡಿದರು. ಸಂಪ್ರದಾಯಕ್ಕೆ ಆಗ ಒಂದು ವಾರ ವಯಸ್ಸು.

ಮಕ್ಕಳು ಕಡಿಮೆಯಾದ್ದರಿಂದ ಪ್ರತಿಯೊಬ್ಬರೂ ಪ್ರತಿಯೊಂದರಲ್ಲೂ ಇರಬೇಕಿತ್ತು. ಚೆಂಡು ತನ್ನ ಕಡೆ ಬಂದರೆ ಕಣ್ಣು ಮುಚ್ಚಿಕೊಳ್ಳುವ ನನ್ನ ಮಗಳು ನೆಟ್‌ಬಾಲ್ ತಂಡದಲ್ಲಿದ್ದಳು. ಹಾಡುವ ತಂಡದಲ್ಲಿದ್ದಳು, ತುಟಿ ಆಡಿಸಲು. ಚೆಸ್ ಕ್ಲಬ್ಬಿನ ಅಧ್ಯಕ್ಷೆಯಾಗಿದ್ದಳು. ಬೇರೆ ಶಾಲೆಯ ಚೆಸ್ ತಂಡ ಬಂದಾಗ ಕುದುರೆ ಹೇಗೆ ನಡೆಯುತ್ತದೆ ಎಂದು ಎದುರಾಳಿಯನ್ನೇ ಕೇಳಿದಳು. ಆ ಹುಡುಗ ಪಾಪ, ಚೆನ್ನಾಗಿ ಕಲಿಸಿಕೊಟ್ಟು ಸೋಲಿಸಿದ. ನನ್ನ ಗಂಡ ಕ್ರೀಡಾಕೂಟದಲ್ಲಿ ಮಕ್ಕಳ ರಿಲೇ ತಂಡಕ್ಕೆ ಒಬ್ಬರು ಕಡಿಮೆಯಾದರೆಂದು ಓಡಿ, ಬೇಟನ್ ಬೀಳಿಸಿದರು, ಮಗಳು ವಾರಗಟ್ಟಲೆ ಅವರ ಜೊತೆ ಮಾತು ಬಿಟ್ಟಳು.

ಮಗಳು ಖುಷಿಯಾಗಿದ್ದಳು. ಆದರೆ ಮೂರನೆಯ ವರ್ಷದ ಹೊತ್ತಿಗೆ ಗಣಿತದಲ್ಲಿ ಅವಳಿಗೆ ಬೇಸರ ಹತ್ತಿತು. ಗಣಿತದ ಮೇಷ್ಟ್ರು ನಮ್ಮನ್ನು ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು, ಅವಳಿಗೆ ಬೇಕಾದಷ್ಟು ಕಷ್ಟದ ಲೆಕ್ಕ ಕೊಡಬಲ್ಲೆ, ಆದರೆ ಆ ಲೆಕ್ಕದ ಮೇಲೆ ಅವಳೊಡನೆ ಜಗಳವಾಡುವವರನ್ನು ಕೊಡಲಾರೆ ಎಂದು. ಆ ಮಾತು ನನ್ನನ್ನು ಕೆಲವು ದಿನ ನೋಯಿಸಿತು. ಗಂಡನನ್ನೂ ನೋಯಿಸಿರಬೇಕು, ಅವರು ಆ ವಾರ ಶಾಲೆಯ ಕಾಂಕ್ರೀಟಿನ ಬಗ್ಗೆ ಏನೂ ಹೇಳಲಿಲ್ಲ.

ಅದೇ ಸಮಯಕ್ಕೆ ಹಿಂದಿನ ಬೀದಿಯ ಹುಡುಗಿ ಭಾನುವಾರಗಳಂದು ನಮ್ಮ ಮನೆಗೆ ತನ್ನ ಶಾಲೆಯ ಲೆಕ್ಕಗಳನ್ನು ತರತೊಡಗಿದಳು. ಅವಳಿಗೆ ಅಲ್ಲಿ ಜಗಳವಾಡುವವರಿಗೆ ಬರವಿರಲಿಲ್ಲ, ಆದರೆ ಸೋತು ಸುಸ್ತಾಗಿದ್ದಳು. ಕಾಫಿ ಲೋಟ ತೊಳೆಯುತ್ತಿದ್ದ ನನಗೆ ಹಿತ್ತಲಿನ ಪ್ಯಾಟಿಯೋದಿಂದ ಅವರ ಮಾತು ಕೇಳುತ್ತಿತ್ತು.

"ಐ ಯೂಸ್ಡ್ ಟು ಬಿ ಸ್ಮಾರ್ಟ್," ಎಂದಳು ಅವಳು.

"ಯೂ ಸ್ಟಿಲ್ ಆರ್. ಇಟ್ಸ್ ಜಸ್ಟ್ ಕ್ರೌಡೆಡ್ ದೇರ್," ಎಂದಳು ನನ್ನ ಮಗಳು. ಆಮೇಲೆ, ತನ್ನ ಶಾಲೆಯಲ್ಲಿ ಸ್ವಲ್ಪ ಗಲಾಟೆ ಇದ್ದಿದ್ದರೆ ಚೆನ್ನಾಗಿತ್ತು ಎಂದಳು.

ಅತ್ತಿಗೆ ಈಗಲೂ ಫೋನು ಮಾಡಿದಾಗ, ಯಾವುದು ಸರಿಯಾಯ್ತು ಹೇಳಿ ಎಂದು ಕೇಳುತ್ತಾರೆ. ಅವರ ಮಗ ಹೈಸ್ಕೂಲು ಮುಗಿಸಿದ್ದಾನೆ. ಅವನನ್ನು ಕೇಳಿದರೆ ಈಗಲೂ ಆಲ್‌ರೈಟ್ ಎನ್ನುತ್ತಾನಂತೆ. ನನಗೆ ಗೊತ್ತಿಲ್ಲ ಎಂದೇ ನಾನು ಹೇಳುತ್ತೇನೆ, ಗೊತ್ತಿಲ್ಲ ಎನ್ನುವುದು ನಿಜ ಕೂಡ.

ಒಂದು ಭಾನುವಾರ ಹುಡುಗಿಯರಿಬ್ಬರ ದನಿ ಏರತೊಡಗಿತು. ಒಂದು ಲೆಕ್ಕಕ್ಕೆ ಇಬ್ಬರಿಗೂ ಬೇರೆ ಬೇರೆ ಉತ್ತರ ಬಂದಿತ್ತು. ಹಾಳೆಗಳ ಎಳೆದಾಟ ನಡೆಯಿತು, ಕುರ್ಚಿ ಸರಿಯಿತು. ಪಕ್ಕದ ಮನೆಯ ನಾಯಿ ಬೊಗಳಿತು. ಕೊನೆಗೆ ಇಬ್ಬರ ಕೆನ್ನೆಯೂ ಕೆಂಪಗಾಗಿ, ಹಾಳೆ ಹಿಡಿದುಕೊಂಡು ಒಳಗೆ ಬಂದರು.

"ಆಂಟಿ, ಯೂ ಟೆಲ್. ಹೂ ಈಸ್ ರೈಟ್?"

ಕೈ ಒರೆಸಿಕೊಂಡು ನೋಡಿದೆ. ಉತ್ತರ ಹಾಗಿರಲಿ, ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. "ಇಬ್ರದ್ದೂ ಸರಿ ಇದ್ದ ಹಾಗಿದೆಯಮ್ಮಾ," ಎಂದೆ.

ಇಬ್ಬರೂ ನನ್ನ ಮೇಲೆ ಒಟ್ಟಿಗೇ ಸಿಟ್ಟಾಗಿ, ಹಾಳೆ ಕಿತ್ತುಕೊಂಡು, ಮತ್ತೆ ಜಗಳವಾಡಲು ಹೊರಗೆ ಹೋದರು.